ಅಮೆರಿಕದ ಊರೂರ ಡ್ರಮ್ ಕೋರ್‌ಗಳು ಎಲ್ಲಿ ಹೋದವು? ಪದೇ ಪದೇ ಕೇಳುವ ಪ್ರಶ್ನೆಗಳು

ಮಗಳು ಶಾಲೆಯ ಮಾರ್ಚಿಂಗ್ ಬ್ಯಾಂಡ್ ಸೇರಿದ ಮೇಲೆ ನನಗೂ ಈ ಹುಚ್ಚು ಹತ್ತಿತು. ನಾವಿರುವುದು ನ್ಯೂಜೆರ್ಸಿಯಲ್ಲಿ. ಗಾರ್‌ಫೀಲ್ಡ್, ನೆವಾರ್ಕ್, ಬೇಯೋನ್ ಎಲ್ಲ ಕಾರಿನಲ್ಲಿ ಹೋಗಿಬರುವಷ್ಟು ದೂರ. ಒಂದು ಕಾಲದಲ್ಲಿ ಈ ಊರುಗಳ ಹುಡುಗರು ಊದುತ್ತಾ ಬಾರಿಸುತ್ತಾ ದೇಶಕ್ಕೇ ಹೆಸರಾಗಿದ್ದರು. ಇವತ್ತು ಅಲ್ಲೇ ಹುಟ್ಟಿ ಬೆಳೆದ ಹುಡುಗನನ್ನು ಕೇಳಿದರೆ ಹೆಸರೂ ಗೊತ್ತಿಲ್ಲ ಅನ್ನುತ್ತಾನೆ. ಸಂಘದ ಯುಗಾದಿ ಊಟದಲ್ಲಿ, ಊರಿಂದ ಬರುವ ಫೋನಿನಲ್ಲಿ, ಬ್ಯಾಂಡ್ ಮಕ್ಕಳ ಅಪ್ಪ ಅಮ್ಮಂದಿರ ಮಾತಿನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಕೇಳಿದವರು ಕೇಳಿದ ಹಾಗೇ ಇಟ್ಟಿದ್ದೇನೆ.

## ಏನಿದು ಅಂತ ಗೊತ್ತಿಲ್ಲದವರಿಗೆ

ಡ್ರಮ್ ಕೋರ್ ಅಂದ್ರೆ ನಮ್ಮ ಸ್ಕೂಲಿನ ಬ್ಯಾಂಡ್‌ಸೆಟ್ ತರಾನೇ ಅಲ್ವಾ?

ನೋಡೋಕೆ ಹಾಗೇ. ಆದರೆ ಶಾಲೆಗೂ ಇದಕ್ಕೂ ಸಂಬಂಧವಿಲ್ಲ. ಇದು ಊರಿನ ತಂಡ, ಕೇರಿಯ ತಂಡ. ಪೂರ್ತಿ ಹೆಸರು ಡ್ರಮ್ ಅಂಡ್ ಬ್ಯೂಗಲ್ ಕೋರ್. (ಬರೆಯುವಾಗ ಕೊನೆಗೆ ಪಿ, ಎಸ್ ಎರಡೂ ಇರುತ್ತವೆ, ಹೇಳುವಾಗ ಎರಡೂ ಇಲ್ಲ. ನಾನೂ ವರ್ಷಗಟ್ಟಲೆ ‘ಕಾರ್ಪ್ಸ್’ ಅಂತಲೇ ಹೇಳಿ ನಗೆಪಾಟಲಾಗಿದ್ದೇನೆ.) ತಂಡದಲ್ಲಿ ಮೂರು ಭಾಗ: ಊದುವವರು, ಬಾರಿಸುವವರು, ಬಾವುಟ ಹಿಡಿದು ಆಡಿಸುವ ಕಲರ್ ಗಾರ್ಡ್. ಕೊಳಲು, ಕ್ಲಾರಿನೆಟ್, ಸ್ಯಾಕ್ಸೋಫೋನ್ ಇಲ್ಲವೇ ಇಲ್ಲ. ಬೇಸಿಗೆ ರಜೆಯಲ್ಲಿ ಮೆರವಣಿಗೆ, ಮೈದಾನದಲ್ಲಿ ಸ್ಪರ್ಧೆ. ಕಿರಿಯರ ತಂಡಗಳಲ್ಲಿ 21 ವರ್ಷದವರೆಗಿನ ಮಕ್ಕಳಿಗೆ ಮಾತ್ರ ಜಾಗ. ವಯಸ್ಸು ಮೀರಿತೋ, ಮನೆಗೆ. ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. 1975ರಲ್ಲಿ ನ್ಯೂಜೆರ್ಸಿಯ ಹಾಥಾರ್ನ್ ಮುಚಾಚೋಸ್ ತಂಡದಲ್ಲಿ ವಯಸ್ಸು ಮೀರಿದ ಒಬ್ಬ ಇದ್ದಾನೆ ಅಂತ ಇಡೀ ತಂಡವನ್ನೇ ರಾಷ್ಟ್ರೀಯ ಸ್ಪರ್ಧೆಯಿಂದ ಹೊರಗೆ ಹಾಕಿದರು.

ಬರೀ ಬ್ಯೂಗಲ್ ಯಾಕೆ? ಬೇರೆ ವಾದ್ಯ ಸಿಗ್ತಿರಲಿಲ್ವಾ?

ಸಿಗುತ್ತಿತ್ತು, ದುಡ್ಡು ಬೇಕಿತ್ತು. ಮೊದಲ ಮಹಾಯುದ್ಧ ಮುಗಿದಾಗ ಸೈನ್ಯದ ಬ್ಯೂಗಲ್ಲುಗಳು ರಾಶಿ ರಾಶಿ ಮಿಕ್ಕಿದ್ದವು. ಊರಿಗೆ ಮರಳಿದ ಸೈನಿಕರಿಗೆ ಕವಾಯತು ಗೊತ್ತಿತ್ತು, ಮೆರವಣಿಗೆ ಗೊತ್ತಿತ್ತು. ಅಗ್ಗದ ವಾದ್ಯ, ಬಿಟ್ಟಿ ಮೇಷ್ಟ್ರು, ಕೈ ಖಾಲಿ ಇರುವ ಹುಡುಗರು. ಇನ್ನೇನು ಬೇಕು?

ಸಂಗೀತ ಬಲ್ಲವರಿಗೆ ಒಂದು ಮಾತು. ಕೀಲಿ ಇಲ್ಲದ ಬ್ಯೂಗಲ್ಲಿನಲ್ಲಿ ಮಾಮೂಲಿ ಸ್ಥಾಯಿಯಲ್ಲಿ ಸಿಗುವುದು ಸ, ಗ, ಪ ಅಷ್ಟೇ. ರಿ ಇಲ್ಲ, ಮ ಇಲ್ಲ, ನಿ ಇಲ್ಲ. ಆಮೇಲೆ ಹೆಬ್ಬೆರಳಲ್ಲಿ ಒತ್ತುವ ಒಂದೇ ಒಂದು ಅಡ್ಡ ಕೀಲಿ, ಅಂದರೆ ಪಿಸ್ಟನ್, ಸೇರಿಸಿದರು. ಒತ್ತಿದರೆ ಶ್ರುತಿ ಕೆಳಗಿನ ಪಂಚಮಕ್ಕೆ ಇಳಿಯುತ್ತದೆ. ಆ ಪಂಚಮದ ಮೇಲೆ ಮತ್ತೆ ಅದೇ ಮೂರು ಸ್ವರ ಹುಟ್ಟಿದಾಗ ನಮಗೆ ರಿ, ನಿ ಸಿಕ್ಕವು. ಕೊಳವೆಯಲ್ಲೇ ತಿರುಗುವ ಇನ್ನೊಂದು ಕವಾಟ ಬಂದಾಗ ಮ ಕೂಡ ಸಿಕ್ಕಿತು. ಇಷ್ಟರಲ್ಲೇ ಅವರು ಎಂಥೆಂಥ ಹಾಡು ಕಟ್ಟಿದ್ದಾರೆ ಅಂದರೆ, ಒಬ್ಬನಿಗೆ ಇಲ್ಲದ ಸ್ವರವನ್ನು ಪಕ್ಕದವನಿಗೆ ಹಂಚಿ, ಇಬ್ಬರೂ ಸೇರಿ ಒಂದು ಸಾಲು ಮುಗಿಸುತ್ತಿದ್ದರು.

ದುಡ್ಡು ಯಾರು ಹಾಕ್ತಿದ್ರು?

ಎರಡು ಮುಖ್ಯ ಬಾಗಿಲು. ಒಂದು, ಮಾಜಿ ಸೈನಿಕರ ಸಂಘಗಳು: 1919ರಲ್ಲಿ ಶುರುವಾದ ಅಮೆರಿಕನ್ ಲೀಜನ್ ಮತ್ತು ಅದಕ್ಕಿಂತ ಹಳೆಯದಾದ ವಿಎಫ್‌ಡಬ್ಲ್ಯು. ಊರಿಗೊಂದು ಶಾಖೆ, ಶಾಖೆಗೊಂದು ಹಾಲ್, ಹಾಲಿಗೊಂದು ಬಾರ್. ಆ ಬಾರಿನ ಲಾಭದಲ್ಲಿ ಒಂದು ಪಾಲು ಮಕ್ಕಳ ಡ್ರಮ್ಮಿಗೆ. ಎರಡು, ಕ್ಯಾಥೊಲಿಕ್ ಚರ್ಚುಗಳು. ಗಾರ್‌ಫೀಲ್ಡಿನ ಹೋಲಿ ನೇಮ್ ಕೆಡೆಟ್ಸ್, ನೆವಾರ್ಕಿನ ಬ್ಲೆಸ್ಡ್ ಸ್ಯಾಕ್ರಮೆಂಟ್ ಮತ್ತು ಸೇಂಟ್ ಲೂಸಿ, ಬೇಯೋನಿನ ಸೇಂಟ್ ವಿನ್ಸೆಂಟ್ ಎಲ್ಲ ಚರ್ಚಿನ ಹೆಸರಲ್ಲೇ ಇದ್ದ ತಂಡಗಳು. ಇದಲ್ಲದೆ ಬಾಯ್ ಸ್ಕೌಟ್ಸ್, ಪೊಲೀಸರ ಕ್ಲಬ್ಬುಗಳೂ ಇದ್ದವು. ಷಿಕಾಗೋದ ಕ್ಯಾವಲಿಯರ್ಸ್ 1948ರಲ್ಲಿ ಒಂದು ಸ್ಕೌಟ್ ದಳವಾಗಿ ಹುಟ್ಟಿದ್ದು.

ಮಕ್ಕಳು ಕೊಡುತ್ತಿದ್ದದ್ದು ಚಿಲ್ಲರೆ ಕಾಸು. ಅಮ್ಮಂದಿರು ಸಮವಸ್ತ್ರ ಹೊಲಿಯುತ್ತಿದ್ದರು, ಅಪ್ಪಂದಿರು ಬಸ್ಸಿನ ಜೊತೆ ಹೋಗುತ್ತಿದ್ದರು.

ನಿಜವಾಗ್ಲೂ ಊರಿಗೊಂದು ಇತ್ತಾ, ಇಲ್ಲ ಅಜ್ಜಂದಿರು ಸುಮ್ನೆ ಹೇಳೋದಾ?

ಎಲ್ಲ ಊರಿನಲ್ಲೂ ಇರಲಿಲ್ಲ. ಆದರೆ ಈಶಾನ್ಯ ರಾಜ್ಯಗಳಲ್ಲಿ, ಷಿಕಾಗೋ ಮತ್ತು ವಿಸ್ಕಾನ್ಸಿನ್ ಕಡೆ, ಕೆನಡಾದ ಒಂಟಾರಿಯೋದಲ್ಲಿ ದಟ್ಟವಾಗಿದ್ದವು. ನೂರಾರು ತಂಡಗಳು. ಸಣ್ಣ ಊರು ಅಂದರೆ ಎಷ್ಟು ಸಣ್ಣದು ಅನ್ನೋದಕ್ಕೆ ಕಾನ್ಸಾಸ್‌ನ ಗ್ರೇಟ್ ಬೆಂಡ್ ನೋಡಿ. ಸುತ್ತ ಗೋಧಿ ಹೊಲ, ನಮ್ಮ ಒಂದು ತಾಲ್ಲೂಕು ಕೇಂದ್ರದಷ್ಟೂ ಜನ ಇಲ್ಲ. ಅಲ್ಲಿನ ಲೀಜನ್ ಶಾಖೆಯ ಮಕ್ಕಳ ತಂಡ ಆರ್ಗಾನ್ ರೆಬೆಲ್ಸ್ 1970ರ ದಶಕದ ಆರಂಭದಲ್ಲಿ ಲೀಜನ್‌ನ ರಾಷ್ಟ್ರೀಯ ಪ್ರಶಸ್ತಿಯನ್ನು ಸಾಲಾಗಿ ಗೆದ್ದಿತು. ಹೆಸರು ಬಂದದ್ದು ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಆರ್ಗಾನ್ ಕಾಡಿನಲ್ಲಿ ನಡೆದ ಕದನದಿಂದ. ಈಗ ಆ ತಂಡ ಇಲ್ಲ.

## ಎಲ್ಲಿ ಹೋದವು, ಯಾಕೆ ಹೋದವು

ಟಿವಿ ಬಂತು, ವಿಡಿಯೋ ಗೇಮ್ ಬಂತು, ಮಕ್ಕಳಿಗೆ ಆಸಕ್ತಿ ಹೋಯ್ತು. ಅಷ್ಟೇ ತಾನೇ?

ಈ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. ನನಗೆ ಒಪ್ಪಿಗೆ ಇಲ್ಲ. ಟಿವಿ ಮನೆಮನೆಗೆ ಬಂದದ್ದು 1950ರ ದಶಕದಲ್ಲಿ. ಡ್ರಮ್ ಕೋರ್‌ಗಳು ಅತಿ ಜಾಸ್ತಿ ಇದ್ದದ್ದು ಅದರ ನಂತರದ ಇಪ್ಪತ್ತು ವರ್ಷ.

ಮಕ್ಕಳ ಆಸಕ್ತಿಗಿಂತ ಮೊದಲು ಮಕ್ಕಳ ಲೆಕ್ಕ ನೋಡಿ. 1957ರಲ್ಲಿ ಅಮೆರಿಕದಲ್ಲಿ ಸುಮಾರು 43 ಲಕ್ಷ ಮಕ್ಕಳು ಹುಟ್ಟಿದರು. 1973ರಲ್ಲಿ 31 ಲಕ್ಷದ ಆಸುಪಾಸು. 1957ರ ಮಗು 1970ರ ದಶಕದ ನಡುವಿಗೆ ಬ್ಯೂಗಲ್ ಊದುವ ವಯಸ್ಸಿಗೆ ಬಂತು. 1973ರ ಮಗು ಆ ವಯಸ್ಸಿಗೆ ಬಂದಾಗ ಓರಗೆಯವರು ನಾಲ್ಕರಲ್ಲಿ ಒಂದು ಪಾಲು ಕಡಿಮೆಯಾಗಿದ್ದರು. ಅದೇ ಹೊತ್ತಿಗೆ ಹುಡುಗಿಯರಿಗೂ ಶಾಲೆಯ ಆಟೋಟ ತೆರೆದುಕೊಂಡಿತು. ಅದಕ್ಕೆ ದಾರಿ ಮಾಡಿದ ಕಾನೂನು, ಟೈಟಲ್ ನೈನ್, ಬಂದದ್ದು 1972ರಲ್ಲಿ. ಇರುವ ಮಕ್ಕಳೇ ಕಡಿಮೆ, ಅವರನ್ನು ಕರೆಯುವವರು ಜಾಸ್ತಿ.

ಚರ್ಚುಗಳು ಕೈಬಿಟ್ಟದ್ದು ಯಾಕೆ? ದೇವರ ದುಡ್ಡು ಕಡಿಮೆ ಆಯ್ತಾ?

ಜನ ಎದ್ದು ಹೋದರು. ಎರಡನೇ ಮಹಾಯುದ್ಧದ ನಂತರ ನಗರದ ಬಿಳಿಯ ಮಧ್ಯಮವರ್ಗ ಹೊರವಲಯದ ಹೊಸ ಬಡಾವಣೆಗಳಿಗೆ ಹೊರಟಿತು. ನೆವಾರ್ಕಿನಲ್ಲಿ 1967ರ ಜುಲೈ ಗಲಭೆಯಲ್ಲಿ 26 ಜನ ಸತ್ತ ಮೇಲೆ ಆ ಓಟ ಇನ್ನೂ ಜೋರಾಯಿತು. ಚರ್ಚಿನ ಕಟ್ಟಡ ಅಲ್ಲೇ ಉಳಿಯಿತು, ತಟ್ಟೆಗೆ ಕಾಸು ಹಾಕುವವರು ಇಪ್ಪತ್ತು ಮೈಲಿ ಆಚೆ ಹೋದರು. ಮಕ್ಕಳು ಸಂಜೆ ನಡೆದುಕೊಂಡು ಪ್ರಾಕ್ಟೀಸಿಗೆ ಬರುವ ಕಾಲ ಮುಗಿಯಿತು.

ಡ್ರಮ್ ಕೋರ್ ನಡೆದದ್ದೇ ಈ ನಡೆದು ಬರುವುದರ ಮೇಲೆ. ಕಾರಿನಲ್ಲಿ ಬಿಟ್ಟು, ಕಾದು, ಕರೆದುಕೊಂಡು ಹೋಗಬೇಕು ಅಂದ ತಕ್ಷಣ ಅದು ಅಪ್ಪ ಅಮ್ಮಂದಿರ ಕೆಲಸವಾಯಿತು. ಇಬ್ಬರೂ ದುಡಿಯುವ ಮನೆಯಲ್ಲಿ ವಾರಕ್ಕೆ ಮೂರು ಸಂಜೆ ಯಾರು ಬಿಡುತ್ತಾರೆ?

ಕೆಲವು ತಂಡಗಳು ಚರ್ಚಿನ ಹೆಸರು ಕಳಚಿ ಊರ ಹೆಸರು ಇಟ್ಟುಕೊಂಡು ಮುಂದುವರಿದವು. ಬೇಯೋನಿನ ಸೇಂಟ್ ಆಂಡ್ರ್ಯೂಸ್ ಬ್ರಿಜ್‌ಮೆನ್ ಬೇಯೋನ್ ಬ್ರಿಜ್‌ಮೆನ್ ಆಯಿತು. ಹಳದಿ ಉದ್ದ ಕೋಟು, ಅಗಲ ಟೋಪಿ ಹಾಕಿಕೊಂಡು ಪ್ರೇಕ್ಷಕರನ್ನು ನಗಿಸಿ ಕುಣಿಸುತ್ತಿದ್ದ ತಂಡ. ಅದೂ 1980ರ ದಶಕ ದಾಟಲಿಲ್ಲ.

ವಿಯೆಟ್ನಾಂ ಯುದ್ಧಕ್ಕೂ ಇದಕ್ಕೂ ಏನು ಸಂಬಂಧ ಮಾರಾಯ್ರೆ?

ಇದೆ. 1960ರ ದಶಕದವರೆಗೂ ಸ್ಪರ್ಧೆ ಅಂದರೆ ಅರ್ಧ ಸೈನ್ಯದ ಪರೇಡ್. ಬೂಟಿನ ಪಾಲಿಶ್ ನೋಡುತ್ತಿದ್ದರು, ಬಾವುಟ ನೆಲಕ್ಕೆ ತಾಗಿದರೆ ಅಂಕ ಹೋಗುತ್ತಿತ್ತು. ಯುದ್ಧ ಬೇಡ ಅನ್ನುವ ಅಣ್ಣಂದಿರ ಮನೆಯಲ್ಲಿ ತಮ್ಮ ಇಂಥ ಸಮವಸ್ತ್ರ ಹಾಕಿಕೊಂಡು ಹೊರಡಲು ಹಿಂಜರಿದರೆ ಆಶ್ಚರ್ಯವಿಲ್ಲ. ಆದರೆ ಇದಕ್ಕಿಂತ ದೊಡ್ಡ ಪೆಟ್ಟು ಲೀಜನ್ ಹಾಲುಗಳಲ್ಲಿ ಬಿತ್ತು. ಹಳೆಯ ಸೈನಿಕರಿಗೆ ವಯಸ್ಸಾಯಿತು. ವಿಯೆಟ್ನಾಂನಿಂದ ಬಂದ ಬಹಳಷ್ಟು ಹುಡುಗರು ಆ ಹಾಲುಗಳಿಗೆ ಕಾಲಿಡಲೇ ಇಲ್ಲ. ಬಾರ್ ಖಾಲಿ ಆದರೆ ಡ್ರಮ್ಮಿಗೆ ಎಲ್ಲಿಂದ ಕಾಸು?

ಹುಡುಗಿಯರದ್ದೇ ತಂಡಗಳೂ ಇದ್ದವಂತೆ?

ಇದ್ದವು. ನ್ಯೂಜೆರ್ಸಿಯ ಆಡುಬಾನ್ ಬಾನ್ ಬಾನ್ಸ್, ನ್ಯೂಯಾರ್ಕ್ ಲಾಂಗ್ ಐಲೆಂಡಿನ ಸೇಂಟ್ ಇಗ್ನೇಷಿಯಸ್ ಹೆಸರಾದವು. ಹುಡುಗರ ತಂಡಗಳು ಹುಡುಗಿಯರಿಗೂ ಬಾಗಿಲು ತೆರೆದ ಮೇಲೆ ಇವುಗಳಿಗೆ ಮಕ್ಕಳು ಸಿಗಲಿಲ್ಲ. ಒಳ್ಳೆಯದೇ ಆಯಿತು, ಆದರೂ ತಂಡಗಳ ಲೆಕ್ಕದಲ್ಲಿ ಅದೂ ಒಂದು ಕಡಿತ.

ಡಿಸಿಐ ಬಂದಿದ್ದರಿಂದಲೇ ಸಣ್ಣ ತಂಡಗಳು ಸತ್ತವು ಅಂತಾರಲ್ಲ, ನಿಜವಾ?

ಡಿಸಿಐ ಅಂದರೆ ಈ ತಂಡಗಳ ದೊಡ್ಡ ಸ್ಪರ್ಧೆ ನಡೆಸುವ ಸಂಸ್ಥೆ. ಜಗಳ ಶುರುವಾಗುವ ಪ್ರಶ್ನೆ ಇದು. ಹಳೆಯ ಸದಸ್ಯರು ಇಬ್ಬರು ಸೇರಿದರೆ ಮೂರು ಅಭಿಪ್ರಾಯ. ನನ್ನ ಉತ್ತರ: ಸಾಯಿಸಿದ್ದು ಡಿಸಿಐ ಅಲ್ಲ, ಆದರೆ ಏಣಿಯ ಕೆಳಗಿನ ಮೆಟ್ಟಿಲು ಮುರಿದದ್ದರಲ್ಲಿ ಅದರ ಕೈಯಿದೆ.

ಮೊದಲು ಹಿನ್ನೆಲೆ. ಲೀಜನ್, ವಿಎಫ್‌ಡಬ್ಲ್ಯು ಸ್ಪರ್ಧೆಗಳಲ್ಲಿ ನಿಯಮ ಮಾಡುವವರು ಸೈನಿಕ ಸಂಘದವರು. ತಂಡ ಸಾವಿರಾರು ಮೈಲಿ ಬಸ್ಸಿನಲ್ಲಿ ಬಂದರೂ ಸಿಗುವುದು ಪುಡಿಗಾಸು. 1971ರಲ್ಲಿ ಐದು ತಂಡಗಳು ಕೈ ಜೋಡಿಸಿದವು: ಕ್ಯಾವಲಿಯರ್ಸ್, ಮ್ಯಾಡಿಸನ್ ಸ್ಕೌಟ್ಸ್, ಬ್ಲೂ ಸ್ಟಾರ್ಸ್, ಟ್ರೂಪರ್ಸ್, ಸ್ಯಾಂಟಾ ಕ್ಲಾರಾ ವ್ಯಾನ್‌ಗಾರ್ಡ್. ನಮ್ಮನ್ನು ಕರೆಸಬೇಕಾದರೆ ಇಷ್ಟು ಕೊಡಿ, ಐವರನ್ನೂ ಸೇರಿಸಿ ಕರೆಸಿ ಅಂದರು. ಪೂರ್ವದ ತಂಡಗಳೂ ಇಂಥದ್ದೇ ಒಕ್ಕೂಟ ಮಾಡಿಕೊಂಡಿದ್ದವು. ಇದರಿಂದ ಹುಟ್ಟಿದ್ದು ಡ್ರಮ್ ಕೋರ್ ಇಂಟರ್‌ನ್ಯಾಷನಲ್, ಅಂದರೆ ಡಿಸಿಐ. ಮೊದಲ ಚಾಂಪಿಯನ್‌ಷಿಪ್ 1972ರಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರಿನಲ್ಲಿ. ಗೆದ್ದದ್ದು ಕ್ಯಾಲಿಫೋರ್ನಿಯಾದ ಅನಹೈಮ್ ಕಿಂಗ್ಸ್‌ಮೆನ್.

ಕಲಾವಿದರು ತಮ್ಮ ಕಲೆಯ ಯಜಮಾನರಾದರು. ಒಳ್ಳೆಯದೇ. ಆದರೆ ಈಗ ಎಲ್ಲರ ಕಣ್ಣೂ ಮೊದಲ ಹನ್ನೆರಡು ಸ್ಥಾನದ ಮೇಲೆ. ಫೈನಲ್ಲಿಗೆ ಬರುವವರು ಹನ್ನೆರಡೇ, ಮಾನವೂ ಹಣವೂ ಅವರಿಗೇ. 1975ರಿಂದ ಫೈನಲ್ಸ್ ಸಾರ್ವಜನಿಕ ಟಿವಿಯಲ್ಲೂ ಬರತೊಡಗಿತು.

ಈಗ ಅರವತ್ತು ಮಕ್ಕಳ ಒಂದು ಊರ ತಂಡವನ್ನು ಕಣ್ಣ ಮುಂದೆ ತಂದುಕೊಳ್ಳಿ. ಚೆನ್ನಾಗಿ ಊದುವವರು ಐವರು. ಟಿವಿಯಲ್ಲಿ ದೊಡ್ಡ ತಂಡ ನೋಡುತ್ತಾರೆ, ಹದಿನೇಳಕ್ಕೆ ಅಲ್ಲಿಗೆ ಓಡುತ್ತಾರೆ. ಸಣ್ಣವರಿಗೆ ಹೇಳಿಕೊಡುತ್ತಿದ್ದವರೇ ಅವರು. ಮುಂದಿನ ವರ್ಷ ಐವತ್ತು, ಅದರ ಮುಂದಿನ ವರ್ಷ ಮೂವತ್ತೈದು. ಮೂವತ್ತೈದು ಮಕ್ಕಳಿಗೂ ಒಂದು ಬಸ್ಸು ಬೇಕು, ಅರವತ್ತಕ್ಕೂ ಸುಮಾರು ಅಷ್ಟೇ ಖರ್ಚು. ಒಂದು ಬೇಸಿಗೆ ‘ಈ ವರ್ಷ ಬಿಡೋಣ, ಮುಂದಿನ ವರ್ಷ ಬರೋಣ’ ಅನ್ನುತ್ತಾರೆ. ಹಾಗಂದ ತಂಡಗಳಲ್ಲಿ ವಾಪಸ್ ಬಂದವು ಕಡಿಮೆ.

ಇನ್ನೊಂದು ಸರಪಳಿ ಇದೆ, ಇದನ್ನು ಜನ ಮರೆಯುತ್ತಾರೆ. ಪ್ರತಿ ತಂಡವೂ ವರ್ಷಕ್ಕೊಮ್ಮೆ ತನ್ನ ಊರಿನ ಮೈದಾನದಲ್ಲಿ ಒಂದು ಶೋ ಇಡುತ್ತಿತ್ತು. ಅಕ್ಕಪಕ್ಕದ ಆರೇಳು ತಂಡ ಬಂದು ಆಡುತ್ತಿದ್ದವು. ಟಿಕೆಟ್ ದುಡ್ಡಲ್ಲಿ ವರ್ಷದ ಸಂಸಾರ. ಒಂದು ತಂಡ ಮುಚ್ಚಿದರೆ ಒಂದು ಶೋ ಹೋಯಿತು. ಉಳಿದವರು ಆಡಲು ಇನ್ನೂ ದೂರ ಹೋಗಬೇಕು. 1973ರ ತೈಲ ಬಿಕ್ಕಟ್ಟಿನ ನಂತರ ದೂರ ಅಂದರೇ ಖರ್ಚು. ಆ ಖರ್ಚಿಗೆ ಮತ್ತೊಂದು ತಂಡ ಮುಚ್ಚಿತು.

ಡಿಸಿಐ ಕೈಕಟ್ಟಿ ಕೂತಿರಲಿಲ್ಲ ಅನ್ನುವುದೂ ನಿಜ. ಸಣ್ಣವರಿಗೆ ಬೇರೆ ಬೇರೆ ವರ್ಗ ಮಾಡಿತು. 1980ರ ದಶಕದಲ್ಲಿ ಅರವತ್ತು ಮಕ್ಕಳೊಳಗಿನ ತಂಡಗಳಿಗೆಂದೇ ಎ60 ಅಂತ ಒಂದು ವರ್ಗ ಇತ್ತು. ಆದರೆ ಹೊತ್ತು ಮೀರಿತ್ತು.

ಹಾಗಾದ್ರೆ ಶಾಲೆಯ ಮಾರ್ಚಿಂಗ್ ಬ್ಯಾಂಡ್ ಇದರ ಜಾಗ ಹಿಡಿಯಿತಾ?

ಹೌದು. ವಿಚಿತ್ರ ಅಂದರೆ ಹಿಡಿಸಿದವರು ಡ್ರಮ್ ಕೋರ್‌ನವರೇ. ಹಳೆಯ ಸದಸ್ಯರು ಓದಿ ಶಾಲೆಗಳಲ್ಲಿ ಬ್ಯಾಂಡ್ ಮೇಷ್ಟ್ರಾದರು. ತಾವು ಕಲಿತದ್ದನ್ನೆಲ್ಲ ಅಲ್ಲಿ ತಂದರು: ಮೈದಾನದಲ್ಲಿ ಆಕಾರ ಬದಲಿಸುವುದು, ಡ್ರಮ್ ಸಾಲು, ಬಾವುಟದವರ ಕುಣಿತ. ಶಾಲೆಯ ಬ್ಯಾಂಡುಗಳ ರಾಷ್ಟ್ರೀಯ ಸ್ಪರ್ಧೆ ನಡೆಸುವ ಬ್ಯಾಂಡ್ಸ್ ಆಫ್ ಅಮೆರಿಕವನ್ನು 1975ರಲ್ಲಿ ಶುರುಮಾಡಿದ ಲ್ಯಾರಿ ಮೆಕಾರ್ಮಿಕ್ ಕೂಡ ಡ್ರಮ್ ಕೋರ್ ಮನುಷ್ಯನೇ. ಅದರ ಮೊದಲ ಸ್ಪರ್ಧೆ 1976ರಲ್ಲಿ ನಡೆದದ್ದೂ ಅದೇ ವೈಟ್‌ವಾಟರಿನಲ್ಲಿ.

ಶಾಲೆಯಲ್ಲಿ ವಾದ್ಯ ಇದೆ, ಮೈದಾನ ಇದೆ, ಸಂಬಳದ ಮೇಷ್ಟ್ರು ಇದ್ದಾರೆ, ಹಳದಿ ಬಸ್ಸಿದೆ. ಚರ್ಚಿನ ಪಾರ್ಕಿಂಗ್ ಜಾಗದಲ್ಲಿ ಬಾರಿಸುವ ತಂಡ ಇದರ ಜೊತೆ ಹೇಗೆ ಪೈಪೋಟಿ ಮಾಡೀತು? ಕಳೆದುಕೊಂಡದ್ದೂ ಇದೆ. ಊರ ತಂಡಕ್ಕೆ ಬೇರೆ ಬೇರೆ ಶಾಲೆಯವರು, ಶಾಲೆ ಬಿಟ್ಟವರು, ಗ್ಯಾರೇಜಿನಲ್ಲಿ ದುಡಿಯುವವರು ಎಲ್ಲ ಬರುತ್ತಿದ್ದರು. ಶಾಲೆಯ ಬ್ಯಾಂಡಿಗೆ ಆ ಶಾಲೆಯವರೇ.

## ಸ್ವಲ್ಪ ಒಳಹೊಕ್ಕವರಿಗೆ

ಗೆದ್ದ ತಂಡಗಳೂ ಮುಚ್ಚಿದವಾ?

ಮುಚ್ಚಿದವು. ಮೊದಲ ಚಾಂಪಿಯನ್ ಕಿಂಗ್ಸ್‌ಮೆನ್ ಈಗಿಲ್ಲ. ಡಿಸಿಐ ಗೆಲ್ಲದಿದ್ದರೂ ಮುಂಚೂಣಿಯಲ್ಲಿದ್ದ ಮ್ಯಾಸಚೂಸೆಟ್ಸ್‌ನ ಟ್ವೆಂಟಿ ಸೆವೆಂತ್ ಲ್ಯಾನ್ಸರ್ಸ್ 1986ಕ್ಕೆ ನಿಂತಿತು. ಸ್ಟಾರ್ ಆಫ್ ಇಂಡಿಯಾನಾದ್ದು ಬೇರೆ ಕಥೆ. ಬಿಲ್ ಕುಕ್ ಎಂಬ ಸಿರಿವಂತ ಉದ್ಯಮಿಯ ದುಡ್ಡಿನಲ್ಲಿ 1985ರಲ್ಲಿ ಕಣಕ್ಕಿಳಿದು, 1991ರಲ್ಲಿ ಗೆದ್ದು, 1993ರ ನಂತರ ಸ್ಪರ್ಧೆಯನ್ನೇ ಬಿಟ್ಟು ರಂಗಮಂದಿರಕ್ಕೆ ಹೋಯಿತು. ಅದರಿಂದ ಹುಟ್ಟಿದ ‘ಬ್ಲಾಸ್ಟ್!’ ಪ್ರದರ್ಶನಕ್ಕೆ 2001ರಲ್ಲಿ ಟೋನಿ ಪ್ರಶಸ್ತಿ ಬಂತು.

ನಮ್ಮ ಕಡೆಯವರಿಗೆ ಜಾಸ್ತಿ ನೋವಾದದ್ದು ಗಾರ್‌ಫೀಲ್ಡಿನದು. 1934ರ ಹೋಲಿ ನೇಮ್ ಕೆಡೆಟ್ಸ್ ಹೆಸರು ಬದಲಿಸುತ್ತಾ, ಊರು ಬದಲಿಸುತ್ತಾ ಕೊನೆಗೆ ಪೆನ್ಸಿಲ್ವೇನಿಯಾ ಸೇರಿ ‘ದಿ ಕೆಡೆಟ್ಸ್’ ಆಗಿತ್ತು. ಹತ್ತು ಸಲ ಡಿಸಿಐ ಗೆದ್ದಿತ್ತು. ತಂಡದ ಒಳಗೆ ಹಿಂದೆ ನಡೆದದ್ದು ಎನ್ನಲಾದ ಲೈಂಗಿಕ ದೌರ್ಜನ್ಯದ ಮೊಕದ್ದಮೆ, ಅದರ ಖರ್ಚು ತಡೆಯಲಾಗದೆ 2024ರ ಜನವರಿಯಲ್ಲಿ ಬಾಗಿಲು ಹಾಕಿತು. ಮಕ್ಕಳ ರಕ್ಷಣೆಗೆ ನಿಯಮ, ವಿಮೆ, ತಪಾಸಣೆ ಎಲ್ಲ ಬೇಕೇ ಬೇಕು. ಆದರೆ ಅದನ್ನೆಲ್ಲ ನಿಭಾಯಿಸಲು ಕಚೇರಿ ಬೇಕು, ಸಂಬಳದವರು ಬೇಕು. ಬಾರಿನ ಲಾಭದಲ್ಲಿ ನಡೆಯುವ ಕೇರಿಯ ತಂಡಕ್ಕೆ ಅದು ಆಗದ ಮಾತು.

ಕೆಲವು ಮಾತ್ರ ಉಳಿದದ್ದು ಹೇಗೆ?

ಬಿಂಗೋ! ತಮಾಷೆ ಅಲ್ಲ. ಕ್ಯಾಲಿಫೋರ್ನಿಯಾದ ಬ್ಲೂ ಡೆವಿಲ್ಸ್, ಸ್ಯಾಂಟಾ ಕ್ಲಾರಾ ವ್ಯಾನ್‌ಗಾರ್ಡ್ ವರ್ಷಾನುಗಟ್ಟಲೆ ಬಿಂಗೋ ಆಟ (ನಮ್ಮ ತಂಬೋಲಾ ತರದ್ದು, ದುಡ್ಡು ಕಟ್ಟಿ ಆಡುವುದು) ನಡೆಸಿ ತಂಡ ಸಾಕಿದವು. ವಾರವಾರ ಕೈಗೆ ಬರುವ ಕಾಸು ಇದ್ದವರು ಉಳಿದರು, ದಾನಿಯನ್ನೇ ನಂಬಿದವರು ಹೋದರು ಅಂತ ಹೇಳಬಹುದು. ಅದೂ ಗ್ಯಾರಂಟಿ ಅಲ್ಲ. ವ್ಯಾನ್‌ಗಾರ್ಡ್ ಹಣದ ತೊಂದರೆಯಿಂದ 2023ರ ಬೇಸಿಗೆ ಮೈದಾನಕ್ಕೇ ಇಳಿಯಲಿಲ್ಲ. ಇನ್ನೊಂದು ಕಡೆ ಬಾಸ್ಟನ್ ಕ್ರುಸೇಡರ್ಸ್ ನೋಡಿ. 1940ರಲ್ಲಿ ಬಾಸ್ಟನ್ನಿನ ಹೈಡ್ ಪಾರ್ಕ್ ಕೇರಿಯ ಚರ್ಚಿನಲ್ಲಿ ಹುಟ್ಟಿ, ಹಲವು ಸಲ ಮುಳುಗುವ ಹಂತಕ್ಕೆ ಬಂದು, 2025ರಲ್ಲಿ ಮೊದಲ ಬಾರಿ ಡಿಸಿಐ ಗೆದ್ದಿತು.

ನನ್ನ ಮಗ ಸೇರ್ಬೇಕು ಅಂತಿದ್ದಾನೆ. ಎಷ್ಟು ಖರ್ಚು?

ದೊಡ್ಡ ತಂಡಕ್ಕಾದರೆ ಒಂದು ಬೇಸಿಗೆಗೆ ನಾಲ್ಕೈದು ಸಾವಿರ ಡಾಲರ್ ಶುಲ್ಕ, ಕೆಲವೆಡೆ ಇನ್ನೂ ಜಾಸ್ತಿ. ಚಳಿಗಾಲದ ಶಿಬಿರಗಳಿಗೆ ವಿಮಾನದ ಖರ್ಚು ಬೇರೆ. ಆಯ್ಕೆ ಪರೀಕ್ಷೆ ಇರುತ್ತದೆ, ದೇಶದ ಮೂಲೆ ಮೂಲೆಯಿಂದ ಮಕ್ಕಳು ಬರುತ್ತಾರೆ. ಇಡೀ ಬೇಸಿಗೆ ಶಾಲೆಗಳ ಜಿಮ್ ನೆಲದ ಮೇಲೆ ಮಲಗಿ, ಬಸ್ಸಿನಲ್ಲಿ ಊರೂರು ಸುತ್ತಿ, ಆಗಸ್ಟಿನಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಫೈನಲ್ಸ್. ಹುಡುಗ ಕಪ್ಪಾಗಿ, ಸಣ್ಣಗಾಗಿ, ತನ್ನ ಬಟ್ಟೆ ತಾನೇ ಒಗೆಯೋದು ಕಲಿತು ಬರುತ್ತಾನೆ. ತಂಡದ ಹೆಸರಿನಲ್ಲಿ ಊರಿರುತ್ತದೆ, ತಂಡದಲ್ಲಿ ಆ ಊರಿನವರು ಬೆರಳೆಣಿಕೆ.

ನೇರ ಅಲ್ಲಿಗೆ ಹಾರಬೇಡಿ. ಓಪನ್ ಕ್ಲಾಸ್ ಅಂತ ಸಣ್ಣ ತಂಡಗಳಿವೆ. ಖರ್ಚೂ ಕಡಿಮೆ, ಸುತ್ತಾಟವೂ ಕಡಿಮೆ.

ಈಗ ಎಲ್ಲರ ಕೈಯಲ್ಲೂ ಟ್ರಂಪೆಟ್ ಇದೆ. ಬ್ಯೂಗಲ್ ಎಲ್ಲಿ ಹೋಯ್ತು?

ಡಿಸಿಐ 1977ರಲ್ಲಿ ಎರಡು ಪಿಸ್ಟನ್ ಕೀಲಿಗೆ ಒಪ್ಪಿತು, 1990ರಲ್ಲಿ ಮೂರಕ್ಕೆ. 2000ದಿಂದ ‘ಜಿ’ ಶ್ರುತಿಯೇ ಆಗಬೇಕು ಅನ್ನೋದೂ ಹೋಯಿತು. 2004ರಲ್ಲಿ ಮೈಕು, 2009ರಲ್ಲಿ ಸಿಂತಸೈಜರ್, 2014ರಲ್ಲಿ ಟ್ರಾಂಬೋನ್. ಹಳಬರು ಪ್ರತಿ ಸಲವೂ ‘ಇವತ್ತಿಗೆ ಡ್ರಮ್ ಕೋರ್ ಸತ್ತಿತು’ ಅಂದಿದ್ದಾರೆ. ಆದರೆ ಊರ ತಂಡಗಳು ಹೋದದ್ದಕ್ಕೆ ಇದನ್ನು ದೂರುವುದು ತಪ್ಪು. ಮೂರನೇ ಕೀಲಿ ಬರುವ ಹೊತ್ತಿಗೆ ಅವುಗಳಲ್ಲಿ ಬಹುಪಾಲು ಆಗಲೇ ಮುಚ್ಚಿದ್ದವು.

ನಮ್ಮ ಕಡೆ ಇಂಥದ್ದು ಇತ್ತಾ?

ಈ ರೂಪದಲ್ಲಿ ಇಲ್ಲ. ಕರ್ನಾಟಕದಲ್ಲಿ ಬ್ಯಾಂಡು ಅಂದರೆ ಪೊಲೀಸರದ್ದು, ಶಾಲೆಯದ್ದು, ಸ್ಕೌಟ್ಸ್ ಮತ್ತು ಎನ್‌ಸಿಸಿಯದ್ದು, ಇಲ್ಲವೇ ಮದುವೆಯದ್ದು. ಜನವರಿ 26ಕ್ಕೆ ಮಾಣೆಕ್ ಷಾ ಮೈದಾನದಲ್ಲಿ ಕಾಣುವ ಮಕ್ಕಳೆಲ್ಲ ಶಾಲೆಗಳವರು. ಆದರೆ ಆ ತಂಡಗಳು ಹೇಗೆ ಮಾಯವಾದವು ಅಂತ ಊರಿನವರಿಗೆ ಹೇಳುವಾಗ ನಾನು ಗರಡಿಮನೆಯನ್ನು ನೆನಪಿಸುತ್ತೇನೆ. ಮೈಸೂರಿನಲ್ಲಿ ಕೇರಿಗೊಂದು ಗರಡಿ ಇತ್ತಲ್ಲ? ಉಸ್ತಾದರು ಕಾಸು ಕೇಳುತ್ತಿರಲಿಲ್ಲ, ಹುಡುಗರು ನಡೆದು ಬರುತ್ತಿದ್ದರು. ಈಗ ಜಿಮ್ಮಿದೆ, ದಸರಾ ಕುಸ್ತಿಯೂ ಇದೆ. ನಡುವೆ ಇದ್ದ ಕೆಂಪು ಮಣ್ಣಿನ ಕೋಣೆಗಳು ಕಡಿಮೆಯಾಗಿವೆ.

ಗರಾಜ್ ಸೇಲಿನಲ್ಲಿ ಹಳೇ ಬ್ಯೂಗಲ್ ಸಿಕ್ತು. ಏನು ಮಾಡ್ಲಿ?

ಮೊದಲು ಪಿಸ್ಟನ್ ನೋಡಿ. ಟ್ರಂಪೆಟ್ಟಿನ ಹಾಗೆ ನಿಂತಿರದೆ ಅಡ್ಡ ಮಲಗಿದ್ದರೆ, ಒಂದೇ ಒಂದಿದ್ದರೆ, ಅದು 1977ಕ್ಕೆ ಹಿಂದಿನ ಕಾಲದ ಡ್ರಮ್ ಕೋರ್ ಬ್ಯೂಗಲ್ ಇರಬಹುದು. ಬೇಯೋನಿನ ಒಬ್ಬ ಅಜ್ಜ ನನಗೆ ತಮ್ಮದನ್ನು ತೋರಿಸಿದ್ದರು. ಹೆಬ್ಬೆರಳು ಕೂರುವ ಜಾಗದಲ್ಲಿ ಕ್ರೋಮ್ ಸವೆದು ಹಿತ್ತಾಳೆ ಕಾಣುತ್ತಿತ್ತು. ಊದಲು ಹಲ್ಲಿಲ್ಲ ಅಂತ ನಕ್ಕರು, ಆದರೂ ಬೆರಳು ತಾನಾಗಿ ಆ ಗುಂಡಿಗೇ ಹೋಯಿತು.

ಪಿಸ್ಟನ್ ಹಿಡಿದುಕೊಂಡಿದ್ದರೆ ಇಕ್ಕಳ ಹಾಕಬೇಡಿ. ಪಿಸ್ಟನ್ನಿಗೇ ಅಂತ ಬರುವ ಎಣ್ಣೆ ನಾಲ್ಕು ಹನಿ ಬಿಟ್ಟು ಒಂದು ರಾತ್ರಿ ಇಡಿ. ಆಗಲೂ ಬಿಡದಿದ್ದರೆ ವಾದ್ಯ ರಿಪೇರಿಯವರ ಹತ್ತಿರ ಹೋಗಿ. ಮೇಲೆ ಸಂಖ್ಯೆ, ತಂಡದ ಹೆಸರು ಕೆತ್ತಿದ್ದರೆ ಉಜ್ಜಿ ಹೊಳಪು ಮಾಡಲು ಹೋಗಬೇಡಿ. ಆ ತಂಡದ ಹಳಬರು ಎಲ್ಲಾದರೂ ಇದ್ದರೆ ಅವರು ಮೊದಲು ಹುಡುಕುವುದು ಆ ಸಂಖ್ಯೆಯನ್ನೇ.